ಎಡಹುರಿಯ ತೊಟ್ಟಿಲ ಹಗ್ಗ

ಕ್ಷಮಿಸುವವರೇ ದೊಡ್ಡವರು ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಪುಸ್ತಕದಲ್ಲಿದೆ, ಅದಕ್ಕೆ ಮಾಡುತ್ತೇನೆ. ಪಾಠ ಮುಗಿಸಿ ಮನೆಗೆ ನಡೆಯುವ ದಾರಿಯಲ್ಲಿ ಒಂದು ಕತ್ತಾಳೆ ಬೇಲಿ ಸಿಗುತ್ತದೆ. ಅದನ್ನು ದಾಟುವಾಗ ದಿನಕ್ಕೆ ಎರಡು ಸಲದಂತೆ ಇಪ್ಪತ್ತೆರಡು ವರ್ಷ ಹಲ್ಲು ಕಡಿದಿದ್ದೇನೆ. ಬೇಲಿ ನಮ್ಮೂರ ದೊಡ್ಡ ಹೊಲದ ಯಜಮಾನನದು. ನಮ್ಮ ಊರೆಂದರೆ ತಾಳವಾಡಿ ಬೆಟ್ಟದ ಮೇಲೆ, ಗೆಟ್ಟವಾಡಿ ದಾರಿಯಲ್ಲಿ ಬಸ್ಸು ಒಂದು ನಿಮಿಷ ನಿಂತು ಹೋಗುವ ಜಾಗ. ಅವನಿಗೆ ಹೊಲ ಇತ್ತು, ನಮಗೆ ಕೈ ಇತ್ತು. ಅವನ ಬೇಲಿಯ ಎಲೆ ಕೊಯ್ದು ಹಗ್ಗ ಹೊಸೆಯುತ್ತಿದ್ದವಳು ನನ್ನ ಅವ್ವ.

ಕತ್ತಾಳೆ ನೋಡದವರಿಗೆ ಹೇಳುತ್ತೇನೆ. ಆಳುದ್ದದ ದಪ್ಪ ಎಲೆಗಳು ನೆಲದಿಂದಲೇ ಏಳುತ್ತವೆ. ಅಂಚಿಗೆಲ್ಲ ಮುಳ್ಳು, ತುದಿಗೆ ದಬ್ಬಳದಷ್ಟು ಗಟ್ಟಿಯಾದ ಇನ್ನೊಂದು ಮುಳ್ಳು. ಹಂದಿ ನುಗ್ಗುವುದಿಲ್ಲ, ದನ ಬಾಯಿ ಹಾಕುವುದಿಲ್ಲ, ಆನೆಗೆ ಮಾತ್ರ ಯಾವ ಬೇಲಿಯೂ ಲೆಕ್ಕಕ್ಕಿಲ್ಲ. ಅವ್ವ ಹೊರಗಿನ ಸುತ್ತಿನ ಎಲೆಗಳನ್ನು ಮಾತ್ರ ಕೊಯ್ಯುತ್ತಿದ್ದಳು. ನಡುವೆ ಈಟಿಯಂತೆ ನಿಂತ ಸುಳಿಯನ್ನೂ ಅದಕ್ಕೆ ಅಂಟಿಕೊಂಡ ಎಲೆಗಳನ್ನೂ ಮುಟ್ಟುತ್ತಿರಲಿಲ್ಲ. ಎಲೆಗಳನ್ನು ಕಟ್ಟು ಕಟ್ಟಿ ಕೆರೆಯ ಮೂಲೆಯಲ್ಲಿ ಕೊಳೆಹಾಕಿ, ಮೇಲೆ ಕಲ್ಲು ಹೇರಿ, ವಾಸನೆಗೆ ಊರು ಬೈಯಲು ಶುರುಮಾಡಿದ ಮೇಲೆ ಎತ್ತಿ ಕೊಡತಿಯಿಂದ ಜಜ್ಜುವಳು. ತೊಗಟೆಯೆಲ್ಲ ನೀರಿಗೆ ಹೋಗಿ ಬಿಳಿ ನಾರು ಉಳಿಯುತ್ತಿತ್ತು. ಹಸಿ ಎಲೆಯ ರಸ ಮೈಗೆ ತಾಗಿದರೆ ವಾರ ತುರಿಕೆ. "ಪಟ್ಟಾ ಅವರ್ದು, ತುರ್ಕೆ ನಮ್ದು" ಎಂದು ಅವ್ವ ನಗುತ್ತಿದ್ದಳು. ನನಗೆ ಆಗಲೂ ನಗು ಬರುತ್ತಿರಲಿಲ್ಲ.

ಆ ನಾರು ಇಲ್ಲದೆ ಊರಿನ ಬದುಕು ನಡೆಯುತ್ತಿರಲಿಲ್ಲ. ದನದ ಕೊರಳಿಗೆ ಕಣ್ಣಿ, ಎತ್ತಿಗೆ ಮೂಗುದಾರ, ಬಾವಿಗೆ ಹಗ್ಗ, ಮಜ್ಜಿಗೆ ಗಡಿಗೆ ಬೆಕ್ಕಿಗೆ ಸಿಗದಂತೆ ತೂಗಿಡುವ ನೆಲವು. ಉಳಿದ ಮೋಟು ನಾರಿನಲ್ಲಿ ಸುಣ್ಣ ಬಳಿಯುವ ಕುಂಚ. ತುದಿಯ ಮುಳ್ಳನ್ನು ನಾರಿನ ಸಮೇತ ಸೀಳಿ ತೆಗೆದರೆ ಸೂಜಿಯೂ ಅದೇ, ದಾರವೂ ಅದೇ. ಅವ್ವ ಅದರಲ್ಲಿ ಚೀಲ ಹೊಲಿಯುತ್ತಿದ್ದಳು. ಎಲೆ ಕೊಟ್ಟ ಋಣಕ್ಕೆ ಪ್ರತಿ ಸಂಕ್ರಾಂತಿಗೆ ಯಜಮಾನನ ಕೊಟ್ಟಿಗೆಗೆ ಹೊಸ ಕಣ್ಣಿ ಹೋಗಬೇಕು. ಉಳಿದ ಹಗ್ಗ ಊರಿನಲ್ಲಿ, ತಾಳವಾಡಿ ಸಂತೆಯಲ್ಲಿ ಮಾರಾಟ. ಎಲ್ಲಕ್ಕಿಂತ ಮರ್ಯಾದೆಯ ಕೆಲಸ ತೊಟ್ಟಿಲ ಹಗ್ಗ. ಕೂಸಿಗೆ ಹೆಸರಿಡುವ ದಿನ ತೊಟ್ಟಿಲನ್ನು ಸ್ವಂತ ಹೊಲದ ಗಡಿಯ ಕತ್ತಾಳೆ ಹಗ್ಗದಲ್ಲೇ ಕಟ್ಟಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಕೂಸನ್ನು ಹುಟ್ಟಿದ ಮಣ್ಣಿಗೆ ಕಟ್ಟುವುದು ಅನ್ನುತ್ತಾರೆ. ಹೊಲವೇ ಇಲ್ಲದ ನನ್ನನ್ನು ಯಾವ ಮಣ್ಣಿಗೆ ಕಟ್ಟಿದರೋ ಗೊತ್ತಿಲ್ಲ.

ಮೊನ್ನೆ ಮೊನ್ನೆ ದಿಂಬಂನಲ್ಲಿ ಬಸ್ಸು ಕಾಯುತ್ತಾ ಟೀ ಕುಡಿಯುವಾಗ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ನ್ಯೂಜಿಲೆಂಡಿನ ಮಾವೋರಿ ಜನರದು. ನಮ್ಮ ಕತ್ತಾಳೆಗೆ ದೂರದ ನೆಂಟನಂತೆ ಕಾಣುವ ಉದ್ದೆಲೆಯ ನಾರಿನ ಗಿಡ ಅವರಿಗೂ ಇದೆ. ಅದರಲ್ಲಿ ಚಾಪೆ, ಬುಟ್ಟಿ, ಮೀನಿನ ಬಲೆ, ಹಗ್ಗ, ಹೊದೆಯುವ ಬಟ್ಟೆ ಎಲ್ಲ ಮಾಡುತ್ತಿದ್ದರಂತೆ, ಈಗಲೂ ಮಾಡುತ್ತಾರೆ. ನಡುವಿನ ಎಲೆ ಕೂಸು, ಅದರ ಎರಡು ಪಕ್ಕದವು ಅಪ್ಪ ಅವ್ವ. ಅವನ್ನು ಕೊಯ್ಯುವ ಹಾಗಿಲ್ಲ, ಹೊರಗಿನ ಹಳೆಯ ಎಲೆಗಳನ್ನು ಮಾತ್ರ ಕೊಯ್ಯಬೇಕು ಎಂದು ಒಬ್ಬ ಅಜ್ಜಿ ಹೇಳುತ್ತಿದ್ದಳು. ನನಗೆ ಮೈ ಉರಿಯಿತು. ಇದೇ ಮಾತನ್ನು ನನ್ನ ಅವ್ವ ಜೀವಮಾನವಿಡೀ ಹೇಳಿದಳು, ಅವಳ ಮುಂದೆ ಯಾರೂ ಕ್ಯಾಮೆರಾ ಹಿಡಿಯಲಿಲ್ಲ. ಮನೆಗೆ ಬಂದು ಅವಳಿಗೇ ತೋರಿಸಿದೆ. ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದಳು.

"ಸಂದಾಗಿ ಕುಯ್ತಾಳೆ" ಅಂದಳು. ಆಮೇಲೆ ಕೇಳಿದಳು, "ಬೇಲಿ ಯಾರ್ದಂತೆ? ಅವ್ಳ್ದೇಯಾ?"

ಆ ಪ್ರಶ್ನೆಯಿಂದಲೇ ಇದನ್ನು ಬರೆಯಲು ಕುಳಿತದ್ದು.

ಇದೆಲ್ಲ ಶುರುವಾದಾಗ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಯಜಮಾನನ ಎತ್ತು ಕಣ್ಣಿ ಹರಿದುಕೊಂಡು ತೆರೆದ ಬಾವಿಗೆ ಬಿತ್ತು. ಮೇಲೆತ್ತುವಷ್ಟರಲ್ಲಿ ಸತ್ತಿತ್ತು. ಮಧ್ಯಾಹ್ನಕ್ಕೆ ಅವ್ವನನ್ನು ಅರಳಿಕಟ್ಟೆಗೆ ಕರೆಸಿದರು. ನಾನೂ ಹಿಂದೆ ಹೋದೆ. ಯಜಮಾನ ಕಟ್ಟೆಯ ಮೇಲೆ ನಿಂತಿದ್ದ, ಪಕ್ಕದಲ್ಲಿ ಅವನ ಅಣ್ಣ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಯಜಮಾನ ಹರಿದ ಹಗ್ಗದ ಮೊಳದುದ್ದದ ತುಂಡನ್ನು ಅವ್ವನ ಕಾಲ ಬಳಿ ಬಿಸಾಕಿದ.

"ನೋಡ್ರಪ್ಪಾ, ಅರ್ಧ ಕೊಳ್ತೋದ ನಾರ್ಲಿ ಅಗ್ಗ ಮಾಡಿ ಕೊಟ್ಟವ್ಳೆ. ಚಿನ್ನದಂತ ಎತ್ತು ಬಾವಿ ಪಾಲಾಯ್ತು. ಇವತ್ತಿಂದ ನನ್ ಬೇಲಿ ತಾವ ನಿನ್ ನೆರಳು ಬೀಳ್ಬಾರ್ದು ಕಣಮ್ಮಿ. ಯಾರೂ ಇವ್ಳಿಗೆ ಎಲೆ ಕೊಡ್ಬ್ಯಾಡಿ, ಇವ್ಳ ಅಗ್ಗಾನೂ ಮುಟ್ಬ್ಯಾಡಿ."

ಅವ್ವ ಬಗ್ಗಿ ತುಂಡನ್ನು ಎತ್ತಿಕೊಂಡಳು. ಒಮ್ಮೆ ತಿರುಗಿಸಿ ನೋಡಿದಳು. ಅವಳ ತುಟಿ ತೆರೆಯಿತು, ಏನೋ ಹೇಳುತ್ತಾಳೆ ಎಂದುಕೊಂಡೆ. ಮತ್ತೆ ಮುಚ್ಚಿತು. ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಯ ದಾರಿ ಹಿಡಿದಳು. ಹಿಂದಿನಿಂದ ಯಾರೋ ಉಗಿದ ಸದ್ದು ಕೇಳಿಸಿತು.

ಮನೆಗೆ ಬಂದು ನಾನು ಕಿರುಚಾಡಿದೆ. "ನಿನ್ ಬಾಯ್ಗೆ ಏನಾಗಿತ್ತವ್ವಾ? ನಿನ್ ಅಗ್ಗ ಒಂದಾರ ಕಿತ್ತೋಗಿದ್ದು ಯಾರಾರ ಕಂಡವ್ರಾ?"

ಅವ್ವ ಗೂಟದಿಂದ ತನ್ನದೊಂದು ಕಣ್ಣಿ ತೆಗೆದು, ಆ ತುಂಡಿನ ಪಕ್ಕ ಇಟ್ಟು, "ನೋಡು" ಅಂದಳು. ನನಗೆ ಎರಡೂ ಒಂದೇ ಥರ ಕಂಡವು. "ಎಳೆ ಯಾವ್ ಕಡಿಕೆ ಅತ್ತದೆ ನೋಡು" ಅಂದಳು. ಆಗ ಕಂಡಿತು. ಹಗ್ಗವನ್ನು ನೆಟ್ಟಗೆ ಹಿಡಿದರೆ ಹರಿದ ತುಂಡಿನ ಎಳೆಗಳು ಬಲಕ್ಕೆ ಏರುತ್ತಿದ್ದವು. ಅವ್ವನದರಲ್ಲಿ ಎಡಕ್ಕೆ.

ಅವ್ವ ಎಡಚಿ. ಉಣ್ಣುವುದನ್ನು ಹೊಡೆದು ಬಡಿದು ಬಲಗೈಗೆ ತಿದ್ದಿದ್ದರು, ಹಗ್ಗ ಮಾತ್ರ ಎಡಗೈಯಲ್ಲೇ ಉಳಿಯಿತು. ಎಡದೊಡೆಯ ಮೇಲೆ ಎಡಗೈ ತಳ್ಳಿ ಹೊಸೆದರೆ ಹುರಿ ತಿರುವುಮುರುವಾಗಿ ಬೀಳುತ್ತದೆ. ಅದಕ್ಕೆ ಎಡಹುರಿ ಎನ್ನುತ್ತಾರೆ. ನಮ್ಮ ಊರಿನಲ್ಲಿ ಎಡಹುರಿ ಹಗ್ಗ ಬಳಸುವುದು ಒಂದಕ್ಕೇ, ಹೆಣ ಹೊರುವ ಚಟ್ಟಕ್ಕೆ. ಬದುಕಿರುವ ಯಾವುದಕ್ಕೂ ಅದನ್ನು ಕಟ್ಟುವ ಹಾಗಿಲ್ಲ. ಬೇರೆಯವರು ಮರದ ನೆರಳಲ್ಲಿ ಹರಟುತ್ತ ಹಗ್ಗ ಹೊಸೆದರೆ ಅವ್ವ ಒಳಗೆ, ಗೋಡೆಯ ಗೂಟಕ್ಕೆ ತುದಿ ಕಟ್ಟಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಬಿಸಿಲಿಗೆ ಅಂಜಿ ಎಂದು ನಾನು ತಿಳಿದಿದ್ದೆ. ಕೊಂಡವರಿಗೆ ಯಾಕೆ ತಿಳಿಯಲಿಲ್ಲ ಎಂದರೆ, ಹಗ್ಗವನ್ನು ಎಲ್ಲರೂ ಎಳೆದು ನೋಡುತ್ತಾರೆ, ಕಣ್ಣಿಟ್ಟು ನೋಡುವವರಿಲ್ಲ. ಹೊಸೆದವಳನ್ನಂತೂ ನೋಡುವುದೇ ಇಲ್ಲ.

"ಅದು ನಂದಲ್ಲ ಅನ್ಬೇಕಾದ್ರೆ ನಂದು ಯಾವ್ದು ಅಂತ ತೋರುಸ್ಬೇಕು" ಅಂದಳು ಅವ್ವ. "ತೋರುಸುದ್ರೆ ಏನಂತಾರೆ? ನಮ್ ದನಕ್ಕೆಲ್ಲ ಚಟ್ಟದ ಅಗ್ಗ ಕಟ್ಟವ್ಳೆ ಅಂತಾರೆ. ಮೂವತ್ತು ವರ್ಷದಲ್ಲಿ ಈ ಊರಲ್ಲಿ ಸತ್ತ ದನ, ಸತ್ತ ಕೂಸು, ಎಲ್ಲಾನೂ ನನ್ ತಲೆಗೇ ಕಟ್ತಾರೆ ಕಣವ್ವ. ಒಂದ್ ಎತ್ತೇ ವಾಸಿ."

"ಬಲಗೈಲಿ ಕಲೀಬೋದಾಗಿತ್ತಲ್ಲ?"

"ನಾನೂ ಕಲ್ತಿ. ಬಲಗೈಲಿ ಒಸ್ದ ಅಗ್ಗಕ್ಕೆ ಆಡ್ನ ಮರೀನೂ ನಿಲ್ತಿರ್ನಿಲ್ಲ."

ಆ ತುಂಡನ್ನು ಅವಳು ಸೂರಿಗೆ ಸಿಕ್ಕಿಸಿದಳು. ಮರುದಿನದಿಂದ ಕೊಡತಿ ಮೂಲೆ ಸೇರಿತು. ಅವ್ವ ಕೋಸು ಕೊಯ್ಯಲು, ಚೆಂಡುಹೂ ಬಿಡಿಸಲು ಕೂಲಿಗೆ ಹೋದಳು. ಅವಳಿಂದ ಹಗ್ಗ ಕಲಿಯುತ್ತಿದ್ದ ಇಬ್ಬರು ಹೆಂಗಸರು ಬರುವುದು ಬಿಟ್ಟರು. ಅಂಗಡಿಗೆ ನೀಲಿ ನೈಲಾನ್ ಹಗ್ಗ ಬಂತು. ಊರಿನಲ್ಲಿ ಯಾರ ದನ ಹಗ್ಗ ಹರಿದುಕೊಂಡು ಓಡಿದರೂ ನನ್ನ ಅವ್ವನ ಹೆಸರು ಹೇಳಿ ನಗುವುದು ಒಂದು ಚಾಳಿಯಾಯಿತು. ನನಗೆ ಬೇಕಾದದ್ದು ಒಂದೇ ಆಗಿತ್ತು: ಅದೇ ಕಟ್ಟೆಯ ಮೇಲೆ, ಅದೇ ಬಾಯಿಂದ, ಆ ಹಗ್ಗ ಇವಳದಲ್ಲ ಎಂದು ಅವನು ಹೇಳಬೇಕು. ಅವ್ವ ಬದುಕಿರುವಾಗಲೇ ಹೇಳಬೇಕು. ಅವನಿಗೆ ಜ್ವರ ಬಂದರೆ ನಾನು ಹೆದರುತ್ತಿದ್ದೆ, ಹೇಳದೆ ಸತ್ತಾನೆಂದು.

ಒಂದು ಸಲ ಕಾಯುವ ತಾಳ್ಮೆ ತಪ್ಪಿತು. ಆ ವರ್ಷವೇ, ಅವನು ಚಾಮರಾಜನಗರಕ್ಕೆ ಹೋಗಿದ್ದ ಒಂದು ನಡುಮಧ್ಯಾಹ್ನ, ನಾನು ಮಚ್ಚು ಹಿಡಿದು ಅವನ ಬೇಲಿಗೆ ಹೋದೆ. ಮೇಲಿನ ಹೊಲದ ಉದ್ದಕ್ಕೂ ಒಂದೊಂದೇ ಗಿಡದ ಸುಳಿ ಕಡಿದೆ. ಸುಳಿ ಹೋದರೆ ಗಿಡ ಸಾಯುತ್ತದೆ, ಬೇಲಿ ಬೋಳಾಗುತ್ತದೆ, ಕಾಡುಹಂದಿ ಅವನ ರಾಗಿ ಮುಗಿಸುತ್ತದೆ ಎಂದು ನನ್ನ ಲೆಕ್ಕ. ರಸ ಸಿಡಿದು ಕೈ, ಕುತ್ತಿಗೆ ಎಲ್ಲ ಬೊಬ್ಬೆ ಎದ್ದವು. ಅವ್ವ ಏನೂ ಕೇಳದೆ ಮಜ್ಜಿಗೆ ಬಳಿದಳು. ಆ ನೋವಿನಲ್ಲೂ ನನಗೆ ಹಾಯಾದ ನಿದ್ದೆ ಬಂತು.

ಮುಂದಿನ ಮಳೆಗೆ ಬೇಲಿ ನೋಡಲು ಹೋದವಳು ನಿಂತಲ್ಲೇ ನಿಂತೆ. ಸುಳಿ ಹೋದ ಪ್ರತಿ ಗಿಡದ ಬುಡದಲ್ಲೂ ಏಳೆಂಟು ಮರಿ ಎದ್ದಿದ್ದವು. ಎರಡು ವರ್ಷಕ್ಕೆ ಬೇಲಿ ಮೂರರಷ್ಟು ದಪ್ಪವಾಯಿತು, ಇಲಿ ಕೂಡ ದಾಟದಷ್ಟು. ಯಜಮಾನ ಊರೆಲ್ಲ ಹೇಳಿಕೊಂಡು ತಿರುಗಿದ: "ಯಾವನೋ ಒಟ್ಟೆಕಿಚ್ನೋನು ಕಡ್ದ, ದೇವ್ರು ಒಂದಕ್ಕೆ ಅತ್ತು ಕೊಟ್ಟ." ಅವ್ವ ಮಾತ್ರ ನನ್ನ ಮುಖ ನೋಡಿ ಮೊದಲ ಸಲ ಬೈದಳು.

"ಸುಳಿ ಕುಯ್ದ್ರೆ ಗಿಡ ಸಾಯ್ತದೆ ಅಂತ ನಿಂಗ್ಯಾರಮ್ಮಿ ಏಳುದ್ರು? ಮರಿ ಆಕ್ತದೆ. ಆದ್ರೆ ಅಗ್ಗದುದ್ದ ಎಲೆ ಬಿಡಾಕೆ ಆ ಮರಿಗೊಳ್ಗೆ ಅತ್ತು ವರ್ಷ ಬೇಕು. ಸುಳಿ ಬುಡೋದು ಗಿಡುಕ್ಕಲ್ಲ ಕಣವ್ವ, ನಾಳೆ ಅಗ್ಗ ಮಾಡೋಳ್ಗೆ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಅವನ ಮೂಗು ಕೊಯ್ಯಲು ಹೋಗಿ ಅವ್ವನದನ್ನೇ ಕೊಯ್ದಿದ್ದೆ. ಕೆಲಸ ಸಿಕ್ಕಿತು, ಮದುವೆಯಾಯಿತು, ಗಂಡ ತಾಳಮಲೆ ಕಡೆ ಅರಣ್ಯ ಇಲಾಖೆಯಲ್ಲಿ ಕಾವಲು ಕೆಲಸಕ್ಕೆ ಸೇರಿದ್ದರಿಂದ ನಾನು ಅವ್ವನ ಜೊತೆಗೇ ಉಳಿದೆ. ಬೇಲಿ ಬೆಳೆಯಿತು. ನನ್ನ ಹಲ್ಲು ಸವೆಯಿತು.

ಹೋದ ವರ್ಷ ಮಾಗಿ ಚಳಿಯಲ್ಲಿ ಯಜಮಾನನ ಸೊಸೆ ನಮ್ಮ ಬಾಗಿಲಿಗೆ ಬಂದಳು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಹೆಣ್ಣು ಕೂಸು. ಚಾಮರಾಜನಗರ ಕಡೆಯ ಬೀಗರು ಹೆಸರಿಡಲು ಬರುವವರಿದ್ದರು.

"ಅಕ್ಕಾ, ತೊಟ್ಲು ಅಗ್ಗ ಆಗ್ಬೇಕಿತ್ತು" ಎಂದು ನನಗೆ ಹೇಳಿದಳು, ಕಣ್ಣು ಮಾತ್ರ ಒಳಗೆ ಕೂತಿದ್ದ ಅವ್ವನ ಕಡೆಗೆ. "ಅಟ್ಟದ ಮ್ಯಾಲೆ ಅಳೇದು ಅದೆ, ನಮ್ ಮನೇವ್ರುನ ತೂಗಿದ್ದು. ಒಸ ಕೂಸ್ಗೆ ಒಸ ಅಗ್ಗಾನೇ ಬೇಕು ಅಂತಾರೆ ಬೀಗ್ರು. ಇನ್ಯಾರ್ಗೂ ಬರಾಕಿಲ್ವಲ್ಲ."

ಇಪ್ಪತ್ತೆರಡು ವರ್ಷ ಕಾದ ಬಾಗಿಲು ತಾನೇ ತೆರೆದಿತ್ತು. ಆ ಸೊಸೆಯ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೂ ದನಿ ಗಡುಸಾಯಿತು. "ನಿಮ್ ಮಾವ್ನೋರ್ನೇ ಕಳ್ಸವ್ವ. ಎಲೆ ಅವ್ರೇ ಕುಯ್ದು ಅವ್ರೇ ಒತ್ಗಂಡು ಬರ್ಲಿ. ಆಳು ಕಳ್ಸುದ್ರೆ ಅಗ್ಗ ಇಲ್ಲ."

ಒಳಗಿನಿಂದ ಅವ್ವ ಇಷ್ಟೇ ಅಂದಳು: "ಸುಳಿ ಬುಟ್ಟು ಕುಯ್ಯಕೇಳು."

ಅವನು ಬಂದ. ಎಂಬತ್ತರ ಹತ್ತಿರದ ಮುದುಕ, ಹೆಗಲ ಮೇಲೆ ಎಲೆಯ ಹೊರೆ. ಬಿಳಿ ಅಂಗಿ ಹಸಿರಾಗಿತ್ತು. ಮೊಣಕೈವರೆಗೆ ರಸ ತಾಗಿ ಚರ್ಮ ಕೆಂಪೆದ್ದಿತ್ತು, ಅಂಗಳದಲ್ಲಿ ನಿಂತೇ ಪರಪರ ಕೆರೆದುಕೊಂಡ. ನನ್ನ ಹೊಟ್ಟೆ ತಣ್ಣಗಾಯಿತು. ಮಜ್ಜಿಗೆ ಬಳಿದರೆ ಕಡಿಮೆಯಾಗುತ್ತದೆ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಎಲೆಗಳನ್ನು ನೋಡಿ ಗುರುತು ಹಿಡಿದೆ. ಮೇಲಿನ ಹೊಲದ ಬೇಲಿಯವು, ನನ್ನ ಮಚ್ಚಿಗೆ ಹುಟ್ಟಿದ ಮರಿಗಳು ಬೆಳೆದು ಬಿಟ್ಟವು.

"ನಾಳಿಕ್ ಬನ್ನಿ" ಅಂದಳು ಅವ್ವ. "ಒಸಿವಾಗ ತುದಿ ಇಡ್ಕಳಾಕೆ ಒಬ್ರು ಬೇಕು."

ತೊಟ್ಟಿಲಿಗೆ ಕೊಳೆಹಾಕಿದ ನಾರು ಬೇಡ, ವಾಸನೆ. ಹಸಿ ಎಲೆಯನ್ನೇ ಹಲಗೆಯ ಮೇಲಿಟ್ಟು ಮೊಂಡು ಕತ್ತಿಯಿಂದ ಹೆರೆದು ನಾರು ತೆಗೆಯಬೇಕು. ನಾನು ಹೆರೆದೆ, ಅವ್ವ ತೊಳೆದು ನೆರಳಿಗೆ ಹರಡಿದಳು. ಎಲೆಗಳ ನಡುವೆ ಒಂದು ಒಳಗೊಳಗೇ ಕಪ್ಪಾಗಿ ಕೊಳೆತಿತ್ತು, ಅದರ ನಾರು ಬೆರಳಿಗೆ ಸಿಕ್ಕಿದರೆ ಪುಡಿಯಾಗುತ್ತಿತ್ತು. ಅದನ್ನು ಎಸೆಯಬೇಕಿತ್ತು. ನಾನು ಎಸೆಯಲಿಲ್ಲ, ಒಳ್ಳೆಯ ನಾರಿನ ಪಕ್ಕದಲ್ಲೇ ಇಟ್ಟೆ. ಯಾಕೆ ಇಟ್ಟೆ ಎಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. ಒಂದು ಎಳೆ ನಡುವೆ ಸೇರಿದರೆ ಯಾರಿಗೂ ಕಾಣುವುದಿಲ್ಲ ಎಂದು ಅರೆಗಳಿಗೆ ಯೋಚಿಸಿದ್ದು ನಿಜ. ಅವ್ವ ಬಂದು ಆ ಕಪ್ಪು ನಾರನ್ನು ಎತ್ತಿ ತಿಪ್ಪೆಗೆ ಎಸೆದು, ನನ್ನ ಮುಖ ನೋಡದೆ ಅಂದಳು, "ಕೂಸೇನ್ ಮಾಡಿತ್ತು ನಿಂಗೆ?" ಅಷ್ಟಕ್ಕೆ ನನಗೆ ಅಳು ಬಂತು. ಆದರೆ ಅವನ ಮೇಲಿನ ಸಿಟ್ಟು ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬಂದಾಗ ಅವ್ವ ಒಳಗೆ ಗೋಡೆಗೆ ಮುಖ ಮಾಡಿ ಕೂತಿರಲಿಲ್ಲ. ಹಿತ್ತಲ ಬೇವಿನ ಮರದ ಕೆಳಗೆ, ಬೆಳಕಿನಲ್ಲಿ, ಕಾಲು ಚಾಚಿ ಕೂತಿದ್ದಳು. ಅವನಿಗೆ ಎದುರಿನ ಕಲ್ಲು ತೋರಿಸಿ ತುದಿ ಕೊಟ್ಟಳು. ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ನಾರನ್ನು ಎಡದೊಡೆಯ ಮೇಲಿಟ್ಟು, ಎಡಗೈ ತಳ್ಳಿದಳು. ಅಷ್ಟು ವರ್ಷ ಬಿಟ್ಟ ಕೈಯಲ್ಲ ಅದು, ನಿನ್ನೆ ನಿಲ್ಲಿಸಿದ ಕೈ. ಎಳೆ ಸರಸರ ಇಳಿಯಿತು. ಗೇಣುದ್ದ ಆಗುವವರೆಗೆ ಅವನು ತುರಿಸಿಕೊಳ್ಳುವುದರಲ್ಲೇ ಇದ್ದ. ಆಮೇಲೆ ಕಣ್ಣು ಹಗ್ಗದ ಮೇಲೆ ಬಿತ್ತು, ಅಲ್ಲಿಂದ ಅವ್ವನ ಕೈಗೆ ಹೋಯಿತು.

"ಅಮ್ಮೀ, ಎಡಗೈಲಿ ಒಸೀತಿದ್ದಿಯಲ್ಲ."

"ಊಂ. ಎಡಗೈಯೇ."

"ಇದು ಎಡವುರಿ ಕಣಮ್ಮಿ! ಚಟ್ಟುಕ್ ಕಟ್ಟೋದು!"

"ಗೊತ್ತು" ಅಂದಳು ಅವ್ವ, ಕೈ ನಿಲ್ಲಿಸದೆ. "ನಿಮ್ ಇಬ್ರು ಗಂಡುಮಕ್ಳ್ನೂ ಇದ್ರಲ್ಲೇ ತೂಗಿದ್ದು. ಓಗಿ ಅಟ್ಟ ಅತ್ತಿ ನೋಡಿ. ನಿಮ್ ಕೊಟ್ಗೇಲಿ ಮೂವತ್ತು ವರ್ಷ ಇದೇ ಕಣ್ಣಿ. ಒಂದಾರ ಕಿತ್ತೋಯ್ತಾ?"

ನಾನು ಒಳಗೆ ಹೋಗಿ ಸೂರಿನಿಂದ ಆ ಮೊಳದುದ್ದದ ತುಂಡು ತೆಗೆದೆ. ಹೊಗೆ ಹಿಡಿದು ಕಪ್ಪಾಗಿತ್ತು, ಹುರಿ ಮಾತ್ರ ಹಾಗೇ ಇತ್ತು. ಅದನ್ನು ಅವನ ಕಾಲ ಬಳಿ ಬಿಸಾಕಿದೆ. ಅವನು ಅಂದು ಬಿಸಾಕಿದಂತೆಯೇ, ಅಷ್ಟೇ ಜೋರಾಗಿ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಅದಕ್ಕಿಂತ ಸುಖದ ಗಳಿಗೆ ಬಂದಿಲ್ಲ.

ಅವನು ತುಂಡನ್ನು ಎತ್ತಿ ಕಣ್ಣ ಹತ್ತಿರ ಹಿಡಿದ. ಕೈಯಲ್ಲಿದ್ದ ಹೊಸ ಹಗ್ಗದ ತುದಿಯನ್ನು ಪಕ್ಕಕ್ಕಿಟ್ಟು ನೋಡಿದ. ಎಳೆಗಳು ಒಂದು ಅತ್ತ, ಒಂದು ಇತ್ತ. ಅವನು ಬೆರಗಾಗುತ್ತಾನೆ, ಅಯ್ಯೋ ತಪ್ಪು ತಿಳಿದಿದ್ದೆ ಎನ್ನುತ್ತಾನೆ ಎಂದು ಕಾದೆ. ಬೆರಗೇ ಆಗಲಿಲ್ಲ. ತಲೆ ತಗ್ಗಿಸಿದ.

"ಸಂತೇಲಿ ನಾನೇ ತಂದಿದ್ದಿ ಆ ಅಗ್ಗವ" ಅಂದ. "ಎತ್ತು ಅಣ್ಣುಂದು. ಬಾವಿ ತಾವ ಕಟ್ಬ್ಯಾಡ ಅಂದಿದ್ದ. ನಾನು ಕಟ್ಟಿದ್ದಿ. ಅಣ್ಣ ಸಿಗ್ದಾಕ್ಬುಡ್ತಾನೆ ಅಂತ ನಿನ್ ಮ್ಯಾಲಾಕ್ದಿ."

ಗೊತ್ತಿತ್ತು ಅವನಿಗೆ! ಸೊಕ್ಕಿನಿಂದ ಕುರುಡಾಗಿ ಅಂದನೆಂದು ನಾನು ತಿಳಿದಿದ್ದೆ. ಅಣ್ಣನ ಬೈಗುಳ ತಪ್ಪಿಸಿಕೊಳ್ಳಲು ನನ್ನ ಅವ್ವನ ಬದುಕನ್ನು ಬಾವಿಗೆ ತಳ್ಳಿದ್ದ. ಆ ಅಣ್ಣ ಸತ್ತು ಹತ್ತು ವರ್ಷವಾದರೂ ಬಾಯಿ ಬಿಟ್ಟಿರಲಿಲ್ಲ. ನಾನು ಒಂದು ಹೆಜ್ಜೆ ಮುಂದೆ ಬಂದೆ. ಹಲಗೆಯ ಮೇಲಿದ್ದ ಮೊಂಡು ಕತ್ತಿಯನ್ನು ಅವ್ವ ತನ್ನ ಕಾಲ ಕೆಳಗೆ ಸರಿಸಿಕೊಂಡಳು.

"ಕಟ್ಟೆ ಮ್ಯಾಲೆ ಬಿಸಾಕುದ್ರಿ ಯಜಮಾನ್ರೆ" ಅಂದಳು. "ಕಟ್ಟೆ ಮ್ಯಾಲೇ ನಿಜ ಏಳಿ. ಏಳಿ ಬಂದು ಅಗ್ಗ ತಗಂಡೋಗಿ."

"ಏಳ್ತಿನಿ. ನೀನು ಈ ಅಗ್ಗ ಬಲಗೈಲಿ ಒಸ್ದು ಕೊಡಮ್ಮಿ."

"ಬಲವುರಿ ಕಿತ್ತು ಎತ್ತು ಬಾವಿಗೆ ಬಿದ್ದದ್ದ ಕಂಡಿಲ್ವಾ?"

"ಅಂಗಾರೆ ಅಟ್ಟದ್ ಮ್ಯಾಲಿರೋದ್ನೇ..." ಎಂದು ಶುರುಮಾಡಿದವನು ತಾನೇ ನಿಲ್ಲಿಸಿದ. ಅದೂ ಎಡಹುರಿಯೇ. "ಎಡವುರಿ ಅಂತ ಯಾರ್ಗೂ ಏಳ್ಬ್ಯಾಡಮ್ಮಿ. ಬೀಗ್ರು ಬತ್ತಾವ್ರೆ. ಮರ್ವಾದೆ ಓಯ್ತದೆ."

"ನಾನೇಳಾಕಿಲ್ಲ" ಅಂದಳು ಅವ್ವ. "ಏಳೋದೂ ಬುಡೋದೂ ನಿಮ್ಗೆ ಸೇರಿದ್ದು. ಇಷ್ಟ್ ವರ್ಷ ನಾನ್ ಒತ್ಗಂಡಿದ್ದಿ, ಇನ್ಮ್ಯಾಲ ನೀವ್ ಒತ್ಗಳಿ."

ಆ ಸಂಜೆ ಟೀ ಅಂಗಡಿಯ ಜನವೆಲ್ಲ ಕಟ್ಟೆಯ ಸುತ್ತ ಇದ್ದ ಹೊತ್ತಿಗೆ ಅವನು ಕಟ್ಟೆ ಹತ್ತಿದ. ನಾನು ಅವ್ವನ ಕೈ ಹಿಡಿದುಕೊಂಡು ಮುಂದೆಯೇ ನಿಂತಿದ್ದೆ. "ಅವತ್ತು ಎತ್ತು ಬಿದ್ದುದ್ದು ಇವ್ಳ ಅಗ್ಗದಿಂದಲ್ಲ. ಸಂತೆ ಅಗ್ಗ ಅದು, ನಾನ್ ತಂದಿದ್ದು. ಇವ್ಳ ಅಗ್ಗ ಒಂದೂ ಕಿತ್ತೋಗಿಲ್ಲ" ಅಂದ. ಈಗ್ಯಾಕೆ ಈ ಮಾತು ಎಂದು ಯಾರೋ ಕೇಳಿದರು, ಹೆಂಗ್ ಗೊತ್ತಾಯ್ತು ಎಂದು ಇನ್ಯಾರೋ. ಅವನು ಬಾಯಿ ತೆರೆದು ಮುಚ್ಚಿದ, ಹೇಳಿದರೆ ಎಡಹುರಿಯ ಗುಟ್ಟು ಹೊರಬೀಳುತ್ತಿತ್ತು. ಅಂದು ಅವ್ವ ಮುಚ್ಚಿದ ಹಾಗೆಯೇ. ಎಷ್ಟೋ ವರ್ಷ ಕನಸು ಕಂಡ ಮಾತು ಒಂದು ಟೀ ಕುಡಿಯುವಷ್ಟರಲ್ಲಿ ಮುಗಿದಿತ್ತು. ನನಗೆ ಸಾಲಲಿಲ್ಲ. ಅವ್ವನಿಗೆ ಸಾಕಾಯಿತೋ ಏನೋ, ಅಂದು ಮನೆಗೆ ಬರುವಾಗ ಊರ ನಡುವಿನ ದಾರಿಯಲ್ಲೇ ಬಂದಳು. ಅಷ್ಟು ವರ್ಷ ಅವಳು ಹಿತ್ತಲುಗಳ ಹಿಂದೆ ಹಾದು ಬರುತ್ತಿದ್ದಳು.

ಮಾರನೆ ದಿನ ಹಗ್ಗವನ್ನು ಬೇವಿನ ಕೊಂಬೆಗೆ ಕಟ್ಟಿ, ಅದರ ಕುಣಿಕೆಯಲ್ಲಿ ತಾನೇ ಕೂತು ಮೂರು ಸಲ ಜೀಕಿದಳು. ತೊಟ್ಟಿಲ ಹಗ್ಗವನ್ನು ಹೊಸೆದವಳ ಮೈಭಾರಕ್ಕೆ ಪರೀಕ್ಷೆ ಮಾಡದೆ ಕೊಡುವ ಹಾಗಿಲ್ಲ. ಎಪ್ಪತ್ತು ದಾಟಿದ ಮುದುಕಿ ನೆಲದಿಂದ ಕಾಲೆತ್ತಿ ಜೀಕುವುದನ್ನು ಯಜಮಾನ ನಿಂತು ನೋಡಿದ. ಹಗ್ಗ ಹೆಗಲಿಗೆ ಹಾಕಿಕೊಂಡು ಬೇಲಿಯ ಪಕ್ಕದಲ್ಲೇ ನಡೆದುಹೋದ.

ಹೆಸರಿಡುವ ದಿನ ಅವರ ಮನೆಯ ಮುಂದೆ ಚಪ್ಪರ. ತೊಲೆಗೆ ಅವ್ವನ ಹಗ್ಗ, ಅದರಲ್ಲಿ ತೊಟ್ಟಿಲು. ಬಿಳಿ ನಾರು ಅರಿಸಿನ ಹಚ್ಚಿದ ಮೇಲೆ ಹೊಳೆಯುತ್ತಿತ್ತು. ಬೀಗರಲ್ಲಿ ಒಬ್ಬ ಹೆಂಗಸು ಹಗ್ಗ ಎಳೆದು ನೋಡಿ "ಎಷ್ಟು ಗಟ್ಟಿ" ಅಂದಳು. ಎಳೆದು ನೋಡಿದಳು ಅಷ್ಟೆ. ಯಜಮಾನ ಮಾತ್ರ ತೊಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಊಟಕ್ಕೆ ಕರೆದರೂ ಏಳಲಿಲ್ಲ. ತೊಟ್ಟಿಲು ಆಚೆ ಹೋದಾಗ ಕಣ್ಣು ಮೇಲಿನ ಗಂಟಿಗೆ, ಈಚೆ ಬಂದಾಗ ಎರಡೂ ಕೈ ತೊಟ್ಟಿಲ ಕೆಳಗೆ. ಮೊಣಕೈಗಳ ಮೇಲೆ ತುರಿಕೆಯ ಕಲೆ ಇನ್ನೂ ಇತ್ತು. "ಮುತ್ತಾತುನ್ಗೆ ಎಷ್ಟು ಅಕ್ರೆ ನೋಡಿ" ಎಂದು ಬೀಗರು ಕಣ್ಣೊರೆಸಿಕೊಂಡರು.

ಮೊದಲ ತೂಗು ಹಗ್ಗ ಹೊಸೆದವಳದು. ಅವ್ವನನ್ನು ಕರೆದರು. ಅವಳು ಹೋಗಿ, ಕೂಸಿನ ಗಲ್ಲ ಮುಟ್ಟಿ, ಯಜಮಾನನ ಮುಖ ನೋಡಿಕೊಂಡು, ಎಲ್ಲರ ಎದುರಿಗೆ ಎಡಗೈಯಲ್ಲಿ ತೊಟ್ಟಿಲನ್ನು ಜೋರಾಗಿ ತೂಗಿದಳು. ಅವನು ಕುರ್ಚಿಯಿಂದ ಅರ್ಧ ಎದ್ದ. ಹಗ್ಗ ಕಿರ್ ಎನ್ನಲೂ ಇಲ್ಲ. ಕೂಸು ನಕ್ಕಿತು. ಅವನು ಮೆಲ್ಲಗೆ ಕೂತು, ಕೈ ಮತ್ತೆ ಚಾಚಿದ. ಆ ಕೂಸು ತೊಟ್ಟಿಲು ಬಿಡುವವರೆಗೂ ಅವನು ಹೀಗೆಯೇ ಕೂತಿರಬೇಕು, ಯಾಕೆಂದು ಯಾರಿಗೂ ಹೇಳದೆ. ಮಾಡಿದ್ದುಣ್ಣೋ ಮಹರಾಯ.

ಅವ್ವ ಬಂದು ನನ್ನ ಪಕ್ಕದ ಎಲೆಗೆ ಕೂತಳು. ಬಡಿಸುವವನನ್ನು ಕರೆದು ನಾನು ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆ.